ಬೀಗದ ಕೈ ಹಿಡಿಸುವ ಊರು

ಅಮಲು ಪದಾರ್ಥಗಳ ಮಾತು ಬಂದೊಡನೆ ನಮ್ಮ ನಗರದ ಸಭ್ಯ ಜನ ಎರಡು ಪಂಗಡವಾಗಿ ಒಡೆಯುತ್ತಾರೆ. ಒಂದು ಪಂಗಡಕ್ಕೆ ಅದೆಲ್ಲ ಪಾಪ. ಹಿಡಿದು ಒಳಗೆ ಹಾಕಿದರೆ ಊರು ಶುದ್ಧವಾಯಿತು. ಇನ್ನೊಂದು ಪಂಗಡಕ್ಕೆ, ಇದು ಬಹುಮಟ್ಟಿಗೆ ಕಿರಿಯರದು, ಅದೆಲ್ಲ ವಿನೋದ. ಶನಿವಾರ ರಾತ್ರಿಯ ಸ್ವಂತ ವ್ಯವಹಾರ. ಅದರಲ್ಲಿ ತಲೆಹಾಕುವವನು ಹಳೆಯ ಕಾಲದ ಮುದುಕ. ಎರಡು ಕಡೆಯವರೂ ಗಂಟೆಗಟ್ಟಲೆ ವಾದಿಸಬಲ್ಲರು. ಆದರೆ ಇಬ್ಬರ ಬಾಯಿಂದಲೂ ಮಿದುಳು ಎಂಬ ಮಾತು ಹೊರಡುವುದಿಲ್ಲ. ಒಬ್ಬರು ಆತ್ಮದ ವಿಷಯ ಮಾತಾಡುತ್ತಾರೆ, ಇನ್ನೊಬ್ಬರು ಸ್ವಾತಂತ್ರ್ಯದ ವಿಷಯ ಮಾತಾಡುತ್ತಾರೆ. ಅಮಲು ಹೋಗಿ ಕೂರುವ ಜಾಗ ಯಾವುದೋ ಅದರ ಗತಿ ಏನಾಯಿತೆಂದು ಕೇಳುವವರೇ ಇಲ್ಲ. ಈ ಬರಹ ಈ ಇಬ್ಬರ ಮೇಲಿನ ದೂರು. ಮೂರನೆಯವರೊಬ್ಬರಿದ್ದಾರೆ, ನಮ್ಮ ಘನ ಸರಕಾರ. ಅವರ ಸರದಿಯೂ ಬರುತ್ತದೆ.

ಹಲಸೂರಿನ ಮಗ್ಗುಲಿನ ಮರ್ಫಿ ಟೌನನ್ನು ವಾಚಕರಲ್ಲಿ ಎಷ್ಟು ಮಂದಿ ಕಾಲ್ನಡೆಯಲ್ಲಿ ಸುತ್ತಿ ನೋಡಿದ್ದೀರೋ ಕಾಣೆ. ದಂಡಿನ ಪ್ರದೇಶದ ಬಡ ಕುಟುಂಬಗಳಿಗೆಂದು ೧೯೨೦ರ ದಶಕದಲ್ಲಿ ಆಂಗ್ಲರು ಕಟ್ಟಿಸಿದ ಬಡಾವಣೆ ಅದು. ಮೊದಲು ನಾಕ್ಸ್ ಪೇಟೆ ಎಂದಿದ್ದದ್ದು ಮರ್ಫಿ ಎಂಬ ಇಂಜಿನಿಯರರ ಹೆಸರು ಹೊತ್ತುಕೊಂಡಿತು. ಅಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುತ್ತವೆ. ಅಲ್ಲಿಂದ ಅರ್ಧ ಗಂಟೆಯೊಳಗೆ ನಡೆದು ಹೋದರೆ ಇಂದಿರಾನಗರದ ನೂರಡಿ ರಸ್ತೆ. ಅಲ್ಲಿಯ ದೀಪವೇ ಬೇರೆ, ಬೆಲೆಯೇ ಬೇರೆ, ಬಾಟಲಿಯೇ ಬೇರೆ. ಬಾಟಲಿಯೊಳಗಿನ ವಸ್ತು ಮಾತ್ರ ಒಂದೇ. ಒಂದು ಕಡೆ ಅದನ್ನು ‘ಎಣ್ಣೆ’ ಎನ್ನುತ್ತಾರೆ, ಇನ್ನೊಂದು ಕಡೆ ಅದಕ್ಕೆ ಒಳ್ಳೆಯ ಆಂಗ್ಲ ಹೆಸರುಗಳುಂಟು.

ಮರ್ಫಿ ಟೌನಿನ ಒಂದು ಬೀದಿಯಲ್ಲಿ ಒಮ್ಮೆ ಗಾರೆ ಕೆಲಸದವನೊಬ್ಬ ಬಿದ್ದು ಒದ್ದಾಡುತ್ತಿದ್ದ. ಹಲ್ಲು ಕಚ್ಚಿಕೊಂಡಿತ್ತು, ಕಟವಾಯಿಯಲ್ಲಿ ನೊರೆ. ಸುತ್ತ ಇಪ್ಪತ್ತು ಜನ. “ಯಾರಾದ್ರೂ ಬೀಗದ ಕೈ ಕೊಡ್ರಪ್ಪಾ!” ಎಂದು ಒಬ್ಬ ಕೂಗಿದ, ಕೂಡಲೇ ಮೂರು ಗೊಂಚಲು ಬಂದವು. ಇಸ್ತ್ರಿ ಮಾಡಿದ ಅಂಗಿಯ ಮಹನೀಯರೊಬ್ಬರು ಸ್ಕೂಟರಿನಿಂದ ಇಳಿಯದೆಯೇ ತೀರ್ಪು ಕೊಟ್ಟರು: “ಬಿಡ್ರೀ, ಕುಡಿದಿದಾನೆ. ಅಮಲು ಇಳಿದರೆ ತಾನೇ ಏಳ್ತಾನೆ.” ಅವನ ಹೆಂಡತಿ ತಲೆಯ ಬಳಿ ಕುಳಿತು ಅಳುತ್ತಿದ್ದಳು. “ಇಲ್ಲಾ ಸಾರ್, ಮೊನ್ನೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ. ಮಾತೆ ಮುಂದೆ ಆಣೆ ಇಟ್ಟು ಬಿಟ್ಟವ್ರೆ,” ಎಂದಳು. ಯಾರೂ ಅವಳ ಮಾತನ್ನು ನಂಬಲಿಲ್ಲ. ಅಲ್ಲಿ ನೆರೆದಿದ್ದವರಲ್ಲಿ ರೋಗದ ಕಾರಣವನ್ನು ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಅವನು ಬಿದ್ದದ್ದು ಕುಡಿದು ಅಲ್ಲ, ಕುಡಿಯುವುದನ್ನು ತಟ್ಟನೆ ಬಿಟ್ಟು.

ಇದು ಹೇಗೆಂದು ವಿವರಿಸಬೇಕು, ಏಕೆಂದರೆ ವಿದ್ಯಾವಂತರಿಗೂ ಇದು ಗೊತ್ತಿಲ್ಲ. ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದು ಇನ್ನೊಂದಕ್ಕೆ ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸುತ್ತದೆ. ಗ್ಲುಟಮೇಟ್ ಎಂಬುದು ಪಕ್ಕದ ಕೋಶವನ್ನು ಎಬ್ಬಿಸುತ್ತದೆ. ಗಾಬಾ ಎಂಬುದು ಸುಮ್ಮನಿರಿಸುತ್ತದೆ. ಇವೆರಡರ ಹಗ್ಗಜಗ್ಗಾಟ ಸರಿಸಮವಾಗಿ ನಡೆದಿರುವವರೆಗೆ ನಾವು ನಡೆಯುತ್ತೇವೆ, ಲೆಕ್ಕ ಬರೆಯುತ್ತೇವೆ, ಪತ್ರಿಕೆ ಓದುತ್ತೇವೆ. ಮದ್ಯ ಒಳಗೆ ಹೋದಾಗ ಗಾಬಾದ ಕಡೆ ಸೇರಿ ಹಗ್ಗ ಎಳೆಯುತ್ತದೆ. ಆದ್ದರಿಂದಲೇ ಮೈ ಸಡಿಲ, ನಾಲಗೆ ಸಡಿಲ. ಆದರೆ ಮಿದುಳು ಮೂರ್ಖನಲ್ಲ. ದಿನವೂ ಹೀಗೆ ಒಂದು ಕಡೆಗೇ ಎಳೆತ ಬಿದ್ದರೆ ಅದು ಇನ್ನೊಂದು ಕಡೆಗೆ ಆಳುಗಳನ್ನು ಸೇರಿಸುತ್ತ ಹೋಗುತ್ತದೆ: ಗ್ಲುಟಮೇಟಿನ ಸುದ್ದಿ ಹಿಡಿಯುವ ಬಾಗಿಲುಗಳು ಹೆಚ್ಚುತ್ತವೆ, ಗಾಬಾದ ಬಾಗಿಲುಗಳು ಮಂದವಾಗುತ್ತವೆ. ಹೀಗೆ ವರ್ಷಗಟ್ಟಲೆ ಕುಡಿದವನು ಒಂದು ಬೆಳಗ್ಗೆ ಹಗ್ಗವನ್ನು ತಟ್ಟನೆ ಕೈಬಿಟ್ಟರೆ ಏನಾಗುತ್ತದೆ? ಎದುರು ಕಡೆಯವರು ಒಟ್ಟಿಗೆ ಮುಗ್ಗರಿಸುತ್ತಾರೆ. ಲಕ್ಷಾಂತರ ಕೋಶಗಳು ಒಮ್ಮೆಲೇ, ಒಂದೇ ತಾಳಕ್ಕೆ ಸಿಡಿಯುತ್ತವೆ. ಅದೇ ಫಿಟ್ಸು. ಕೊನೆಯ ಗುಟುಕಿನಿಂದ ಆರು ಗಂಟೆಗೆ ಮೊದಲಾಗಿ ಎರಡು ದಿನಗಳೊಳಗೆ ಅದು ಬರುವುದು ವಾಡಿಕೆ. ಅದರ ಬೆನ್ನಿಗೆ, ಎರಡು ಮೂರನೆಯ ದಿನ, ಇಲ್ಲದ್ದು ಕಾಣುವ, ಮೈಯೆಲ್ಲ ನಡುಗುವ ಸನ್ನಿ ಬರಬಹುದು. ಚಿಕಿತ್ಸೆ ಇಲ್ಲದಿದ್ದರೆ ಅದರಲ್ಲಿ ಪ್ರಾಣಕ್ಕೆ ಅಪಾಯ. ಬಿಟ್ಟು ಹಿಡಿದು, ಹಿಡಿದು ಬಿಟ್ಟು ಮಾಡುವವನಿಗೆ ಪ್ರತಿ ಸಲವೂ ಕಾಟ ಹೆಚ್ಚುತ್ತದೆಂದು ವೈದ್ಯರು ಕಂಡಿದ್ದಾರೆ. ಸೌದೆ ಸಲಸಲಕ್ಕೂ ಒಣಗಿದಂತೆ.

ಇದು ಊಹೆಯ ಮಾತಲ್ಲ. ೧೯೫೫ರಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ನಿನಲ್ಲಿ ಡಾ. ಇಸ್ಬೆಲ್ ಮತ್ತು ಅವರ ಜೊತೆಗಾರರು ಹತ್ತು ಮಂದಿಗೆ ವಾರಗಟ್ಟಲೆ ಮದ್ಯ ಕೊಟ್ಟು ತಟ್ಟನೆ ನಿಲ್ಲಿಸಿ ನೋಡಿದರು. ನಲವತ್ತೆಂಟು ದಿನಗಳಿಗೂ ಮಿಕ್ಕಿ ಕುಡಿದ ಆರು ಮಂದಿಯಲ್ಲಿ ಕೆಲವರಿಗೆ ಫಿಟ್ಸು ಬಂತು, ಕೆಲವರಿಗೆ ಸನ್ನಿ ಹಿಡಿಯಿತು. ಅಲ್ಲಿಯವರೆಗೆ ಊಟವಿಲ್ಲದ್ದರಿಂದಲೋ ಜೀವಸತ್ವದ ಕೊರತೆಯಿಂದಲೋ ಹೀಗಾಗುತ್ತದೆಂದು ವೈದ್ಯರಲ್ಲೇ ಹಲವರು ನಂಬಿದ್ದರು. ಇವರಿಗೆ ಊಟ ಚೆನ್ನಾಗಿಯೇ ಸಿಕ್ಕಿತ್ತು. ಆ ಪ್ರಯೋಗದ ನೀತಿಯನ್ನು ಇಂದು ಯಾವ ಆಸ್ಪತ್ರೆಯೂ ಒಪ್ಪದು. ಅದು ಬೇರೆ ಮಾತು.

ಅದಕ್ಕೆ ಅರವತ್ತೈದು ವರ್ಷಗಳ ತರುವಾಯ ಅದೇ ಪ್ರಯೋಗವನ್ನು ನಾವು ಇಡೀ ದೇಶದ ಮೇಲೆ ಮಾಡಿದೆವು, ಮಾಡುತ್ತಿದ್ದೇವೆಂಬ ಪರಿವೆಯೂ ಇಲ್ಲದೆ. ೨೦೨೦ರ ಮಾರ್ಚ್ ೨೪ರ ನಡುರಾತ್ರಿಯಿಂದ ದೇಶ ಬೀಗ ಹಾಕಿಕೊಂಡಿತು. ಮದ್ಯದ ಅಂಗಡಿಗಳೂ ಮುಚ್ಚಿದವು. ವ್ಯಾಧಿ ಹರಡದಿರಲು ಮುಚ್ಚಿದ್ದು ಸರಿಯೋ ತಪ್ಪೋ, ನಾನು ವಾದಿಸುವುದಿಲ್ಲ. ಆದರೆ ದಿನವೂ ಕುಡಿಯುವ ಲಕ್ಷಾಂತರ ಜನಕ್ಕೆ ಮರುದಿನ ಬೆಳಗ್ಗೆ ಏನಾದೀತೆಂದು ಯಾವ ಕಚೇರಿಯಲ್ಲಿ ಯಾರು ಯೋಚಿಸಿದರು? ಬೆಂಗಳೂರಿನ ಆಸ್ಪತ್ರೆಗಳಿಗೆ ಆ ವಾರದಲ್ಲೇ ಫಿಟ್ಸಿನವರೂ ಸನ್ನಿಯವರೂ ಮೊದಲಿಗಿಂತ ಹೆಚ್ಚಾಗಿ ಬರತೊಡಗಿದರೆಂದು ಇಲ್ಲಿನ ವೈದ್ಯರು ಆ ವರ್ಷವೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿಟ್ಟರು. ಆಸ್ಪತ್ರೆಗೆ ಬಂದವರ ಲೆಕ್ಕವಾಯಿತು ಅದು. ಬಸ್ಸಿಲ್ಲ, ಆಟೋ ಇಲ್ಲ. ಮನೆಯಲ್ಲೇ ಬಿದ್ದವರ ಲೆಕ್ಕ ಯಾರ ಪುಸ್ತಕದಲ್ಲಿದೆ? ಮೇ ೪ರಂದು ಅಂಗಡಿ ತೆರೆದಾಗ ರಾಜ್ಯದಲ್ಲಿ ಒಂದೇ ದಿನ ೪೫ ಕೋಟಿ ರೂಪಾಯಿಯ ವ್ಯಾಪಾರವಾಯಿತು. ಮೈಲುದ್ದ ಸಾಲನ್ನು ನೋಡಿ ನಾವು ನಕ್ಕೆವು. ಆ ಸಾಲಿನಲ್ಲಿ ಚಟಕ್ಕೆ ನಿಂತವರೆಷ್ಟು, ಕೈ ನಡುಕ ತಡೆಯಲಾರದೆ ನಿಂತವರೆಷ್ಟು ಎಂದು ಬೇರ್ಪಡಿಸುವ ತಾಳ್ಮೆ ನಮಗಿರಲಿಲ್ಲ.

ನಮ್ಮ ಧರ್ಮಭೀರುಗಳಿಗೆ ನನ್ನ ಮೊದಲ ಮಾತು ಇಲ್ಲಿಂದ ಹುಟ್ಟುತ್ತದೆ. “ಗಂಡಸಾದರೆ ಇವತ್ತೇ ಬಿಡು” ಎಂದು ಕುಡುಕನಿಗೆ ಸವಾಲು ಹಾಕುತ್ತೀರಿ. ಅಯ್ಯಪ್ಪನ ಮಾಲೆ ಹಾಕಿಸುತ್ತೀರಿ, ದರ್ಗಾದಲ್ಲಿ ಪ್ರಮಾಣ ಮಾಡಿಸುತ್ತೀರಿ, ಚರ್ಚಿನಲ್ಲಿ ಮೊಣಕಾಲೂರಿಸುತ್ತೀರಿ. ಸಂಕಲ್ಪ ಒಳ್ಳೆಯದೇ, ಅದನ್ನು ನಾನು ಹಳಿಯಲಾರೆ, ಅದರಿಂದ ಬದುಕಿ ಮನೆ ಕಟ್ಟಿದವರಿದ್ದಾರೆ. ಆದರೆ ದಿನಕ್ಕೆ ಕಾಲು ಅರ್ಧ ಬಾಟಲಿ ಇಳಿಸುತ್ತಿದ್ದವನಿಗೆ ಮಾಲೆ ಹಾಕಿಸುವ ಮುನ್ನ ವೈದ್ಯರ ಬಳಿ ಕರೆದೊಯ್ಯಿರಿ. ಗಾಬಾದ ಕೆಲಸವನ್ನೇ ಮಾಡುವ ಗುಳಿಗೆಯನ್ನು ಕೊಟ್ಟು, ದಿನದಿನಕ್ಕೆ ತಗ್ಗಿಸುತ್ತ, ಜೊತೆಗೆ ಥಯಮಿನ್ ಎಂಬ ಜೀವಸತ್ವ ಕೊಟ್ಟು, ವಾರದೊಳಗೆ ಅವನನ್ನು ದಡ ಸೇರಿಸುತ್ತಾರೆ. ಇದು ಹೊಸ ವಿದ್ಯೆಯಲ್ಲ, ದುಬಾರಿಯೂ ಅಲ್ಲ. ಆದರೂ ೨೦೧೫-೧೬ರಲ್ಲಿ ನಿಮ್ಹಾನ್ಸ್ ಮುಂದಾಳಾಗಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಕಾಯಿಲೆಯವರಲ್ಲಿ ನೂರಕ್ಕೆ ೮೬ ಮಂದಿಗೆ ಚಿಕಿತ್ಸೆಯೇ ಮುಟ್ಟಿರಲಿಲ್ಲ.

ಈಗ ವಿನೋದಪ್ರಿಯರು. ಅವರ ಹತ್ತಿರ ಉಪದೇಶ ನಡೆಯದು. ಸುಳ್ಳು ಹೇಳಿ ಹೆದರಿಸಿದರಂತೂ ಮುಗಿಯಿತು, ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ಹತ್ತು ನಿಜಗಳನ್ನೂ ನಂಬರು. ಆದ್ದರಿಂದ ನಿಜವನ್ನೇ ಹೇಳೋಣ. ಇವರು ‘ಸೊಪ್ಪು’ ಎಂದು ಮುದ್ದಿನಿಂದ ಕರೆಯುವ ಗಾಂಜಾ ತಾನಾಗಿ ಫಿಟ್ಸು ತರುವುದು ಅಪರೂಪ. ಅಷ್ಟೇ ಅಲ್ಲ, ೧೮೩೯ರಲ್ಲಿ ಕಲ್ಕತ್ತೆಯ ಡಾ. ಓಶಾಘ್ನೆಸಿ ಎಂಬವರು ಸೆಳವು ಬಂದ ಎಳೆಗೂಸಿಗೆ ಗಾಂಜಾದ ಅರ್ಕ ಕೊಟ್ಟು ಗುಣ ಕಂಡೆನೆಂದು ಬರೆದಿದ್ದಾರೆ. ಅದೇ ಗಿಡದ ಕ್ಯಾನಬಿಡಯಾಲ್ ಎಂಬ ಅಂಶವನ್ನು ಶುದ್ಧಮಾಡಿ, ಮಕ್ಕಳ ಎರಡು ಬಗೆಯ ಘೋರ ಅಪಸ್ಮಾರಕ್ಕೆ ಔಷಧವೆಂದು ಅಮೆರಿಕದ ಸರಕಾರ ೨೦೧೮ರಲ್ಲಿ ಒಪ್ಪಿತು. ಇದನ್ನು ಓದಿಕೊಂಡ ತರುಣನು “ನೋಡಿ, ಔಷಧ!” ಎನ್ನುತ್ತಾನೆ. ಸ್ವಾಮಿ, ಕ್ಯಾನಬಿಡಯಾಲಿಗೆ ಅಮಲಿಲ್ಲ. ಅಮಲು ಕೊಡುವುದು ಅದೇ ಗಿಡದ ಇನ್ನೊಂದು ಅಂಶ. ಬೀದಿಯ ಮಾಲಿಗೆ ಬೆಲೆ ಬರುವುದು ಅದರಿಂದ. ಹದಿನಾರರ ಹುಡುಗನ ಮಿದುಳು ಇನ್ನೂ ಕಟ್ಟಡದ ಹಂತದಲ್ಲಿರುತ್ತದೆ; ಇಪ್ಪತ್ತೈದರ ಹತ್ತಿರಕ್ಕೆ ಅದು ಪೂರ್ಣವಾಗುತ್ತದೆ. ಆ ವಯಸ್ಸಿನಲ್ಲಿ ದಿನನಿತ್ಯ ಸೇದಿದವನಿಗೆ ನೆನಪು ಮಂಕಾಗುವುದೂ ಚಿತ್ತವಿಕಾರದ ಸಂಭವ ಹೆಚ್ಚುವುದೂ ಚೆನ್ನಾಗಿ ತಿಳಿದ ಸಂಗತಿ. ಇನ್ನು ಯಾವುದೋ ಒಣ ಎಲೆಯ ಮೇಲೆ ಪ್ರಯೋಗಶಾಲೆಯ ರಾಸಾಯನಿಕ ಸಿಂಪಡಿಸಿ ಗಾಂಜಾದ ಅಣ್ಣನೆಂದು ಮಾರುವ ಕೃತಕ ಮಾಲು ಇದೆಯಲ್ಲ, ಅದು ಫಿಟ್ಸು ತರಿಸಿದ ಪ್ರಸಂಗಗಳು ಧಾರಾಳವಾಗಿವೆ.

ಕೊಕೇನಿನ ಸಂಗತಿ ಬೇರೆ. ೧೮೮೪ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅದನ್ನು ಮರಗಟ್ಟಿಸುವ ಮದ್ದಾಗಿ ಬಳಸಿ ಹೆಸರಾದರು. ನರವನ್ನು ಮರಗಟ್ಟಿಸುವ ಆ ಗುಣವೇ ಪ್ರಮಾಣ ಏರಿದಾಗ ಮಿದುಳನ್ನು ಕೆರಳಿಸುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ, ಮೊದಲ ಸಲ ಮೂಗಿಗೇರಿಸಿದವನಿಗೂ ಫಿಟ್ಸು ಬರಬಹುದು, ಲಕ್ವವೂ ಹೊಡೆಯಬಹುದು. ನೃತ್ಯಕೂಟಗಳ ಎಂ.ಡಿ.ಎಂ.ಎ. ಗುಳಿಗೆ ಇನ್ನೊಂದು ದಾರಿ ಹಿಡಿಯುತ್ತದೆ. ಅದು ಮೈಯನ್ನು ಕಾಯಿಸುತ್ತದೆ. ನೀರನ್ನು ಮೈಯಲ್ಲೇ ಹಿಡಿದಿಡುವ ಗ್ರಂಥಿರಸವನ್ನು ಹೊರಡಿಸುತ್ತದೆ. ಬಾಯಾರಿದವನು ಬಾಟಲಿಗಟ್ಟಲೆ ನೀರು ಕುಡಿಯುತ್ತಾನೆ, ರಕ್ತದ ಉಪ್ಪಿನಂಶ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ಗೆಳೆಯರು ಅವನನ್ನು “ಸುಸ್ತಾಗಿದಾನೆ, ಮಲಗಲಿ” ಎಂದು ಮೂಲೆಯಲ್ಲಿ ಬಿಡುತ್ತಾರೆ. ‘ಮಿಯಾಂವ್ ಮಿಯಾಂವ್’ ಎಂಬ ಬೆಕ್ಕಿನ ಹೆಸರಿನ ಮೆಫೆಡ್ರೋನ್ ೨೦೧೫ರಲ್ಲಿ ನಮ್ಮ ಕಾನೂನಿನ ಪಟ್ಟಿಗೆ ಸೇರಿತು. ಅದೂ ಇದೇ ಜಾತಿಯ ಕೆರಳಿಕೆಯ ಮಾಲು. ಪುಡಿಕೆಯಲ್ಲಿ ಏನಿದೆಯೆಂದು ಮಾರುವವನಿಗೇ ಗೊತ್ತಿರುವುದಿಲ್ಲವೆಂಬುದನ್ನು ಬೇರೆ ಹೇಳಬೇಕೆ?

ಒಬ್ಬ ತಿಂದರೂ ಏನೂ ಆಗಲಿಲ್ಲ, ಇನ್ನೊಬ್ಬ ಬಿದ್ದ, ಇದೇಕೆ ಎಂದು ಕೇಳುತ್ತಾರೆ. ಪ್ರತಿ ಮಿದುಳಿಗೂ ಒಂದು ಕಟ್ಟೆಯುಂಟು. ನೀರು ಅದನ್ನು ಮೀರಿದರೆ ಫಿಟ್ಸು. ಕಟ್ಟೆಯ ಎತ್ತರ ಎಲ್ಲರಿಗೂ ಒಂದೇ ಅಲ್ಲ. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಬಿಸಿನೀರನ್ನು ತಲೆಗೆ ಹುಯ್ದುಕೊಂಡರೇ ಫಿಟ್ಸು ಬರುವವರಿದ್ದಾರೆ, ಬೆಂಗಳೂರಿನ ಡಾ. ಕೆ. ಎಸ್. ಮಣಿ ಮೊದಲಾದವರು ಇದನ್ನು ಶೋಧಿಸಿ ವೈದ್ಯಲೋಕಕ್ಕೆ ತಿಳಿಸಿದರು. ಚೊಂಬು ನೀರಿಗೆ ಮೀರುವ ಕಟ್ಟೆಯಿರುವ ಊರಿನಲ್ಲಿ ಯಾರ ಕಟ್ಟೆ ಎಷ್ಟು ಎತ್ತರವೆಂದು ಪುಡಿಕೆ ಬಿಚ್ಚುವ ಮುಂಚೆ ಅಳೆಯುವವರು ಯಾರು? ರಾತ್ರಿಯೆಲ್ಲ ನಿದ್ರೆಗೆಡುವುದೊಂದೇ ಆ ಕಟ್ಟೆಯನ್ನು ತಗ್ಗಿಸಬಲ್ಲದು. ನಿಮ್ಹಾನ್ಸ್ ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಡೆಸಿ ೨೦೦೪ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಅಪಸ್ಮಾರ ಸಾವಿರಕ್ಕೆ ಸುಮಾರು ಒಂಬತ್ತು ಜನಕ್ಕಿದೆ. ಅವರಲ್ಲಿ ತರುಣರೂ ಇದ್ದಾರೆ. ಸಂಜೆ ಪಾರ್ಟಿಯಿದೆ, ಗುಳಿಗೆ ನುಂಗಿದರೆ ಕುಡಿಯಬಾರದಂತೆ, ಆದ್ದರಿಂದ ಇವತ್ತು ಗುಳಿಗೆಗೆ ರಜ ಎಂದು ತೀರ್ಮಾನಿಸುವ ಪದವೀಧರರನ್ನು ನಾನು ಬಲ್ಲೆ. ಗುಳಿಗೆ ತಪ್ಪಿತು, ನಿದ್ರೆ ತಪ್ಪಿತು, ಮದ್ಯ ಸೇರಿತು. ಮೂರೂ ಒಂದೇ ರಾತ್ರಿ.

ಓದುತ್ತಿರುವ ಗೃಹಸ್ಥರು ಇದೆಲ್ಲ ಬೇರೆಯವರ ಮನೆಯ ಮಾತೆಂದು ನೆಮ್ಮದಿಯಾಗಿರಬೇಡಿ. ತಮ್ಮ ಮನೆಯ ಗೂಡಿನಲ್ಲಿ ಆಲ್ಪ್ರಜೋಲಾಂ ಇದೆಯೆ, ನೋಡಿ. ಯಾವಾಗಲೋ ಡಾಕ್ಟರು ಹತ್ತು ದಿನಕ್ಕೆ ಬರೆದ ನಿದ್ರೆಗುಳಿಗೆ ಈಗ ಹತ್ತನೆಯ ವರ್ಷಕ್ಕೆ ಕಾಲಿಟ್ಟಿರುತ್ತದೆ. ಅತ್ತೆಯವರು ಅದಿಲ್ಲದೆ ಕಣ್ಣು ಮುಚ್ಚರು. ಅದೂ ಗಾಬಾದ ಕಡೆಯೇ ಹಗ್ಗ ಎಳೆಯುವ ಆಳು. ತೀರ್ಥಯಾತ್ರೆಗೆ ಹೋದಾಗ ಮರೆತು ನಾಲ್ಕು ದಿನ ತಪ್ಪಿದರೆ ಗಾರೆಯವನಿಗೆ ಆದದ್ದೇ ಅತ್ತೆಯವರಿಗೂ ಆಗಬಹುದು. ಅವರನ್ನು ಮಾತ್ರ ಯಾರೂ ಕುಡುಕಿ ಎನ್ನಲಾರರು. ಇಂಥ ಗುಳಿಗೆಗಳನ್ನೂ, ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನೂ ಮಾರಿದಾಗ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂದು ೨೦೧೪ರಿಂದ ನಿಯಮವುಂಟು. ಟ್ರಮಡಾಲ್ ಹೆಚ್ಚಾಗಿ ನುಂಗಿದರೆ ನುಂಗಿದ ದಿನವೇ ಫಿಟ್ಸು ತರಬಲ್ಲದು. ಅದನ್ನು ೨೦೧೮ರಲ್ಲಿ ಮಾದಕ ವಸ್ತುಗಳ ಕಾಯಿದೆಯೊಳಕ್ಕೂ ತಂದರು. ಔಷಧದಂಗಡಿಯಲ್ಲಿ ಆ ಪುಸ್ತಕವನ್ನು ತೋರಿಸಿರೆಂದು ಎಂದಾದರೂ ಕೇಳಿದ್ದೀರಾ?

ಸಲ್ಯೂಷನ್ ಮೂಸುವ ಮಕ್ಕಳ ವಿಷಯ ಬರೆಯಲು ಕೈ ಬರುವುದಿಲ್ಲ, ಆದರೂ ಬಿಡಲಾಗದು. ೨೦೧೯ರ ರಾಷ್ಟ್ರೀಯ ವರದಿಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಅಮಲು ಇದೊಂದೇ: ಮಕ್ಕಳಲ್ಲೂ ಹದಿಹರೆಯದವರಲ್ಲೂ ನೂರಕ್ಕೆ ೧.೧೭. ಅದರೊಳಗಿನ ಟಾಲ್ಯೀನ್ ನರತಂತುಗಳ ಕೊಬ್ಬಿನ ಹೊದಿಕೆಯನ್ನೇ ಕರಗಿಸುತ್ತದೆ. ಪಂಕ್ಚರ್ ಅಂಗಡಿಯ ಟ್ಯೂಬಿಗೆ ಯಾವ ಕಾನೂನೂ ಇಲ್ಲ, ಮೂಸುವವನಿಗೆ ಮನೆಯೂ ಇಲ್ಲ.

ಇಷ್ಟೆಲ್ಲ ಇರುತ್ತ, ನಾವು ಯಾವುದನ್ನು ಚರ್ಚಿಸಿದೆವು? ಜನ ಮನೆಮನೆಯಲ್ಲಿ ನಡುಗಿದ ಅದೇ ೨೦೨೦ರ ಆಗಸ್ಟ್ ಸೆಪ್ಟೆಂಬರಿನಲ್ಲಿ, ಕನ್ನಡ ಚಿತ್ರರಂಗದ ನಾಲ್ಕಾರು ಮಂದಿಯ ಹೆಸರು ಮಾದಕ ವಸ್ತುಗಳ ಮೊಕದ್ದಮೆಯಲ್ಲಿ ಬಂದಿತೆಂದು ವಾರಗಟ್ಟಲೆ ಬೇರೆ ಸುದ್ದಿಯೇ ಇರಲಿಲ್ಲ. ನಟಿ ಯಾವ ಕಾರಿನಲ್ಲಿ ಬಂದಳು, ಯಾವ ಬಣ್ಣ ಉಟ್ಟಿದ್ದಳು, ಎಲ್ಲವೂ ತಿಳಿಯಿತು. ಆ ಗುಳಿಗೆ ಮಿದುಳಿಗೆ ಏನು ಮಾಡುತ್ತದೆಂದು ಹೇಳಲು ಒಂದು ಅಂಕಣ ಸಿಕ್ಕಲಿಲ್ಲ. ಪತ್ರಿಕೆಗಳೂ ಈ ಮಾತಿನಿಂದ ಹೊರತಲ್ಲ. ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆಂದು ಇದನ್ನು ನುಂಗಲಾರೆ. ೨೦೧೯ರ ಅದೇ ವರದಿಯಂತೆ ಕೊಕೇನು ಬಳಸುವವರು ಸಾವಿರಕ್ಕೆ ಒಬ್ಬರು; ಕುಡಿಯುವವರು ಸುಮಾರು ೧೬ ಕೋಟಿ.

ಸರಕಾರದ ಸರದಿ ಎಂದಿದ್ದೆ. ಸಂವಿಧಾನದ ೪೭ನೆಯ ವಿಧಿ ಮದ್ಯವನ್ನು ನಿಲ್ಲಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ೨೦೨೫ರ ಮಾರ್ಚಿಯ ಆಯವ್ಯಯ ಪತ್ರದಲ್ಲಿ ನಮ್ಮ ರಾಜ್ಯ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ ೪೦,೦೦೦ ಕೋಟಿ ರೂಪಾಯಿ. ನಾನು ಪಾನನಿರೋಧ ಕೇಳುತ್ತಿಲ್ಲ. ೨೦೦೭ರ ಜುಲೈ ೧ರಂದು ಸಾರಾಯಿ ನಿಷೇಧಿಸಿದರು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತಲೂ ಗಡಿಯಾಚೆಯ ತಮಿಳುನಾಡಿನಲ್ಲೂ ಕಳ್ಳಭಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧವಿಲ್ಲದ ೧೯೮೧ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಸತ್ತವರು ಮುನ್ನೂರಕ್ಕೂ ಮಿಕ್ಕಿ. ಎರಡು ಸಲವೂ ಕೊಂದದ್ದು ಮಿಥೈಲ್ ಆಲ್ಕೊಹಾಲು: ಒಳಗೆ ಹೋಗಿ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರ, ಆಮೇಲೆ ಮಿದುಳು. ನಿಷೇಧದಿಂದಲೂ ಸತ್ತರು, ಪರವಾನಗಿಯ ಕಾಲದಲ್ಲೂ ಸತ್ತರು, ಎರಡರಲ್ಲೂ ಬಡವರೇ. ನಾನು ಕೇಳುತ್ತಿರುವುದು ಇಷ್ಟೇ: ಮಾರಿ ಹಣ ಎಣಿಸುವವರು, ಕುಡಿದು ಬಿಟ್ಟವನು ಬಿದ್ದಾಗ ಎತ್ತಿಕೊಳ್ಳುವ ಹೊಣೆಯನ್ನೂ ಹೊರಬೇಕು.

ಕಾನೂನು ನಾವು ತಿಳಿದಷ್ಟು ಕ್ರೂರವಲ್ಲ. ೧೯೮೫ರ ಮಾದಕ ವಸ್ತುಗಳ ಕಾಯಿದೆಯ ೬೪-ಎ ವಿಧಿಯಂತೆ, ಸೇವನೆಗಾಗಿಯೋ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಿಯೋ ಸಿಕ್ಕ ವ್ಯಸನಿ ತಾನೇ ಮುಂದೆ ಬಂದು ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಯನ್ನು ಕಾಯಿಲೆಯೊಳಗೇ ಸೇರಿಸಿತು. ಈ ಎರಡು ವಾಕ್ಯಗಳನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಪ್ರತಿ ಠಾಣೆಯ ಹೊರಗೆ ಬರೆಸಲಿ. ಲಾಕಪ್ಪಿನಲ್ಲಿ ಕೂಡಿಹಾಕಿದವನನ್ನು “ಕೊನೆಯ ಸಲ ಕುಡಿದದ್ದು ಯಾವಾಗ? ಯಾವ ಗುಳಿಗೆ ನುಂಗುತ್ತೀಯೆ?” ಎಂದು ಕೇಳಿ ಬರೆದುಕೊಳ್ಳಲಿ, ಮೊದಲ ಎರಡು ರಾತ್ರಿ ಅವನ ಕೈ ನಡುಗುತ್ತಿದೆಯೆ ಎಂದು ನೋಡಲಿ. ಇದಕ್ಕೆ ವೈದ್ಯ ಪದವಿ ಬೇಕಿಲ್ಲ.

ನಟರಾಜನ ಕಾಲಡಿಯ ಕುಳ್ಳನಿಗೆ ಅಪಸ್ಮಾರನೆಂದು ಹೆಸರು. ಆ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂ‌ದರೆ, ರಸ್ತೆಯಲ್ಲಿ ಬಿದ್ದವನನ್ನು ಕಂಡರೂ ತುಳಿಯತಕ್ಕವನೆಂದೇ ತೋರುತ್ತದೆ. ಅಪಸ್ಮಾರವಿದ್ದರೆ ಹಿಂದೂ ವಿವಾಹವೇ ನಿಲ್ಲದೆಂಬ ಮಾತು ಕಾಯಿದೆಯಿಂದ ಹೋದದ್ದು ೧೯೯೯ರಲ್ಲಿ. ಬೀದಿಯಿಂದ ಇನ್ನೂ ಹೋಗಿಲ್ಲ. ಬೀಗದ ಕೈಯಿಂದ ಆಗುವುದು ಏನೂ ಇಲ್ಲ. ಬಹುಪಾಲು ಫಿಟ್ಸು ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಬಾಯೊಳಗೆ ಚಮಚ ತುರುಕಬೇಡಿ, ನೀರು ಹುಯ್ಯಬೇಡಿ, ಕೈಕಾಲು ಅದುಮಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒದ್ದಾಟ ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆಯೇ ಮತ್ತೆ ಬಂದರೆ, ೧೦೮ಕ್ಕೆ ಕರೆಮಾಡಿ. ಒಂದೇ ಸಲ ಬಂದು ನಿಂತರೂ, ಮೊದಲ ಫಿಟ್ಸಾದರೆ ಆ ದಿನವೇ ವೈದ್ಯರಿಗೆ ತೋರಿಸಿ. ಹೆಂಡತಿ “ಮೊನ್ನೆಯಿಂದ ಬಿಟ್ಟವ್ರೆ” ಎಂದರೆ ಆ ಮಾತನ್ನು ಆಸ್ಪತ್ರೆಯವರಿಗೆ ತಪ್ಪದೆ ಮುಟ್ಟಿಸಿ. ಬಿಡಬೇಕೆಂದಿರುವವರು ವಿಚಾರಿಸಲು ೧೪೪೪೬ ಎಂಬ ಉಚಿತ ದೂರವಾಣಿಯಿದೆ.

ಮರ್ಫಿ ಟೌನಿನಿಂದ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಏಳೆಂಟು ಕಿಲೋಮೀಟರು. ಅಷ್ಟು ದೂರ ಹೋಗಲಾರದವರಿಗೆ ಇಂದಿರಾನಗರದ ಸಿ. ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರ. ಅಮಲು ಬಿಡುವವರಿಗಾಗಿ ಇಂಥ ಒಂದೊಂದು ಆಸ್ಪತ್ರೆಯಲ್ಲೂ ಎಷ್ಟು ಹಾಸಿಗೆ ಮೀಸಲು, ರಾತ್ರಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬಾಗಿಲ ಬಳಿ ಫಲಕದಲ್ಲಿ ಬರೆದು ಹಾಕಲಿ. ೪೦,೦೦೦ ಕೋಟಿಯಲ್ಲಿ ಆ ಹಾಸಿಗೆಗಳಿಗೆ ಹೋದದ್ದೆಷ್ಟೆಂದು ಈ ಕಡೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಹಾಗೆಯೇ ಪ್ರಕಟಿಸಲಿ.